ಅಕ್ಕ ಬಿಟ್ಟ ಹಗ್ಗ

ಇದರಲ್ಲಿ ನಡೆದದ್ದು ಎಷ್ಟು, ನಡೆದಿರಬೇಕು ಎಂದು ನಾನು ಆಮೇಲೆ ಸೇರಿಸಿಕೊಂಡದ್ದು ಎಷ್ಟು, ನನಗೆ ಗೊತ್ತಿಲ್ಲ. ಮೂರನೆಯ ಇಯತ್ತೆ ಮುಗಿದ ಬೇಸಗೆ ರಜೆಯ ಒಂದು ಮಧ್ಯಾಹ್ನ, ವಳಸಂಗದ ಹತ್ತಿರವಿರುವ ಸೋದರಮಾವನ ಹೊಲದ ಬಾವಿಯಲ್ಲಿ ನಾನು ಮುಳುಗಿದೆ. ಮುಳುಗಿದೆ ಎಂದರೆ ಎಷ್ಟು ಹೊತ್ತು? ಎರಡು ಗುಟುಕು ನೀರು ಕುಡಿಯುವಷ್ಟೋ, ನಿಜವಾಗಿ ಸಾಯುವಷ್ಟೋ? ನೀರು ಹಸಿರಾಗಿತ್ತು ಅನಿಸುತ್ತದೆ. ಆದರೆ ಆ ಬಾವಿಯ ನೀರು ಹಸಿರಾಗಿರುವುದನ್ನು ನಾನು ನೂರು ಸಲ ನೋಡಿದ್ದೇನೆ. ಈಗ ಕಣ್ಣಿಗೆ ಬರುವ ಹಸಿರು ಯಾವ ದಿನದ್ದು ಎಂದು ಹೇಗೆ ಹೇಳಲಿ? ನಡುವಿಗೆ ಕಟ್ಟಿದ್ದ ಹಗ್ಗ ಒಮ್ಮೆಲೇ ಸಡಿಲಾದದ್ದು ನೆನಪಿದೆ. ಅದರ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕನ ಕೈಯಲ್ಲಿತ್ತು.

ಖಚಿತವಾಗಿ ಗೊತ್ತಿರುವುದು ಒಂದೇ, ಮೇಲೆ ಬಂದ ಮೇಲೆ ನಾನು ಆಡಿದ ಮಾತು: "ಅಕ್ಕ ಹಗ್ಗಾ ಬಿಟ್ಲು." ಇದು ನನ್ನ ನೆನಪಲ್ಲ, ಮನೆಯವರೆಲ್ಲರ ನೆನಪು. ಲಗ್ನಕ್ಕೆ, ತೊಟ್ಟಿಲಿಗೆ, ಮನೆ ಒಕ್ಕಲಿಗೆ ಎಂದು ನಾಲ್ಕು ಜನ ಕೂಡಿದಲ್ಲೆಲ್ಲ ಅದು ಎದ್ದು ಬರುತ್ತಿತ್ತು. ನಗುತ್ತಲೇ ಹೇಳುತ್ತಿದ್ದರು. ಅಕ್ಕನೂ ನಗುತ್ತಿದ್ದಳು.

ಅವಳಿಗೆ ಆಗ ಹನ್ನೊಂದು, ನನಗೆ ಎಂಟು. ಬಾವಿಯ ಮೇಲಿನ ದಂಡೆಯಿಂದ ಹಾರಿ, ತಳದ ಕೆಸರನ್ನು ಮುಷ್ಟಿಯಲ್ಲಿ ತಂದು ತೋರಿಸುತ್ತಿದ್ದವಳು ನಮ್ಮೆಲ್ಲರಲ್ಲಿ ಅವಳೊಬ್ಬಳೇ. ಆ ದಿನದಿಂದ ಮಾವ ಅವಳನ್ನು ಬಾವಿಗೆ ಇಳಿಸಲಿಲ್ಲ. ಒಂದು ಬೇಸಗೆಯ ಶಿಕ್ಷೆ ಎಂದುಕೊಂಡಿದ್ದೆವು. ಮುಂದಿನ ಬೇಸಗೆಗೆ ಅವಳು ದೊಡ್ಡವಳಾದಳು, ಹುಡುಗರಿರುವ ಬಾವಿಗೆ ಇಳಿಯುವ ಪ್ರಶ್ನೆಯೇ ಉಳಿಯಲಿಲ್ಲ. ಆಮೇಲೆ ಅಕ್ಕಲಕೋಟದ ಕಿರಾಣಿ ವ್ಯಾಪಾರದ ಮನೆಗೆ ಸೊಸೆಯಾಗಿ ಹೋದಳು. ಮೂವತ್ತೆಂಟು ವರ್ಷ ಅವಳು ನೀರಿಗೆ ಇಳಿಯಲಿಲ್ಲ. ಅದಕ್ಕೆ ಕಾರಣ ನನ್ನ ಬಾಯಿಂದ ಬಂದ ಮೂರು ಶಬ್ದ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಕೆಲವು ವರ್ಷ ಪಾಠ ಹೇಳಿದೆ, ಈಗ ಸೊಲ್ಲಾಪುರದಲ್ಲಿ ಅಪ್ಪ ಬಿಟ್ಟುಹೋದ ಟಾವೆಲ್ ವ್ಯಾಪಾರ ನೋಡಿಕೊಂಡಿದ್ದೇನೆ. ಓದು ನನಗೆ ಕೊಟ್ಟದ್ದು ಒಂದೇ ಚಟ. ಯಾರಾದರೂ ಏನಾದರೂ ಹೇಳಿದರೆ 'ಹೇಗೆ ಗೊತ್ತು?' ಎಂದು ಕೇಳುವುದು. ಈ ಚಟ ಊರಿನವರ ಮೇಲೆ, ಡಾಕ್ಟರರ ಮೇಲೆ, ಪಂಚಾಂಗದವರ ಮೇಲೆ ಎಲ್ಲರ ಮೇಲೂ ನಡೆಯಿತು. ನನ್ನ ಆ ಮೂರು ಶಬ್ದಗಳ ಮೇಲೆ ಮಾತ್ರ ನಡೆಯಲು ನನಗೆ ನಲವತ್ತಾರು ವರ್ಷ ವಯಸ್ಸಾಗಬೇಕಾಯಿತು. ಅದಕ್ಕೂ ಗೋವಾ ಬೇಕಾಯಿತು.

ಹೋದ ವರ್ಷ ಗಣಪತಿ ಹಬ್ಬ ಮುಗಿದ ವಾರ, ಕಾಲೇಜಿಗೆ ಹೋಗುವ ಮಗಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಜನವರಿಯಲ್ಲಿ ಗೋವಾದ ಒಂದು ಬೀಚಿನಲ್ಲಿ ಟ್ರಯಥ್ಲಾನ್. ಸಮುದ್ರದಲ್ಲಿ ಮುಕ್ಕಾಲು ಕಿಲೋಮೀಟರ್ ಈಜು, ಆಮೇಲೆ ಇಪ್ಪತ್ತು ಕಿಲೋಮೀಟರ್ ಸೈಕಲ್, ಆಮೇಲೆ ಐದು ಕಿಲೋಮೀಟರ್ ಓಟ. ಒಬ್ಬರೇ ಮಾಡಬಹುದು, ಇಬ್ಬರು ಮೂವರು ಹಂಚಿಕೊಂಡೂ ಮಾಡಬಹುದು.

"ಫಾರ್ಮ್ ಭರ್ತಿ ಆತು ಪಪ್ಪಾ. ಓಡೂದು ನಂದು, ಉಳದದ್ದು ಎರಡೂ ನಿಂದು."

"ಯಾರನ್ನ ಕೇಳಿ ಭರ್ತಿ ಮಾಡ್ದಿ?"

"ಗೋವಾಕ್ಕ ಹೋಗೂಣು, ಗೋವಾಕ್ಕ ಹೋಗೂಣು ಅಂತ ನಾಕು ವರ್ಷದಿಂದ ಹೇಳಾಕತ್ತೀ. ಈಗ ಹೋಗೂದು. ಬಸ್, ಝಾಲಂ, ಮುಗೀತು!"

ಒಂದು ಕಡೆ ನಿಲ್ಲುವ ಜಾತಿಯವನಲ್ಲ ನಾನು. ಜೇನು ಸಾಕಿದ್ದೇನೆ, ದೂರದರ್ಶಕ ಕೊಂಡಿದ್ದೇನೆ, ಎಲ್ಲವನ್ನೂ ಅರ್ಧಕ್ಕೆ ಬಿಟ್ಟಿದ್ದೇನೆ. ಇದನ್ನೂ ಹಿಡಿದೆ. ಬೆಳಗಿನ ಐದೂವರೆಗೆ ಸೈಕಲ್ ತೆಗೆದುಕೊಂಡು ಅಕ್ಕಲಕೋಟದ ರಸ್ತೆ ಹಿಡಿಯುತ್ತಿದ್ದೆ. ವಳಸಂಗದವರೆಗೆ ಹೋದರೆ ಇಪ್ಪತ್ತು ಚಿಲ್ಲರೆ, ಅಕ್ಕಲಕೋಟ ಮುಟ್ಟಿದರೆ ನಲವತ್ತರ ಹತ್ತಿರ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಅಲ್ಲಿಯ ಸ್ವಾಮಿಗಳ ಗುಡಿಗೆ ಬರಿಗಾಲಲ್ಲಿ ನಡೆದು ಹೋಗುವ ಭಕ್ತರ ಸಾಲಿನ ಪಕ್ಕ. ಒಮ್ಮೆ ಚಹಾದ ಗಾಡಿಯ ಹತ್ತಿರ ಒಬ್ಬ ಮುದುಕ ನನ್ನ ಹೆಲ್ಮೆಟ್ಟು, ಬಿಗಿ ಚಡ್ಡಿ ಎಲ್ಲ ನೋಡಿ ಕೈ ಮುಗಿದು ಕೇಳಿದ.

"ಯಾವ ಹರಕಿ ಹೊತ್ತೀರಿ ಸಾಹೇಬ್ರ?"

"ಹರಕಿ ಅಲ್ರಿ. ಗೋವಾಕ್ಕ ಹೋಗೂದದ."

"ಇಲ್ಲಿಂದ? ಸೈಕಲ್ ಮ್ಯಾಲ?" ಅವನು ಹ್ಯಾಂಡಲ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಆಗಲಿ. ದೊಡ್ಡದ ಏನೋ ಬೇಡಕೊಂಡೀರಿ. ಆಗ್ತದ."

ಸೈಕಲ್ ಹೇಗೋ ನಡೆಯಿತು. ಈಜು ನಡೆಯಲಿಲ್ಲ. ಊರಿನ ಈಜುಕೊಳದಲ್ಲಿ ಎದೆಮಟ್ಟದ ನೀರಿರುವವರೆಗೆ ನಾನು ಚೆನ್ನಾಗಿ ಈಜುತ್ತಿದ್ದೆ. ಆಳದ ಗೆರೆ ದಾಟಿದ ಕೂಡಲೇ ಕೈಗಳು ನನ್ನ ಮಾತು ಕೇಳದೆ ಕಂಬಿಯ ಕಡೆಗೆ ಹೋಗುತ್ತಿದ್ದವು. ಮಗಳು ದಂಡೆಯ ಮೇಲೆ ಕೂತು, "ಪಪ್ಪಾ, ಸಮುದ್ರದಾಗ ಕಂಬಿ ಇರೂದಿಲ್ಲ ಮತ್ತ," ಎನ್ನುತ್ತಿದ್ದಳು.

ಒಂದು ದಿನ ಅಕ್ಕಲಕೋಟದವರೆಗೆ ಹೋಗಿ ಅಕ್ಕನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದೆ. ಅವಳು ಕಡಲೆಬೇಳೆ ತೂಗುತ್ತಿದ್ದಳು. ತಕ್ಕಡಿಯಿಂದ ಕಣ್ಣು ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಯ್ಯ ತಮ್ಮಾ, ಮನ್ಯಾಗ ಪ್ಯಾಂಟ ಇರಲಿಲ್ಲೇನು? ಗಿರಾಕಿ ಬರು ಹೊತ್ತದ. ಲಗೂ ಒಳಗ ಬಾ."

ಒಳಗೆ ಕೂತು ಚಹಾ ಕುಡಿಯುತ್ತ ಎಲ್ಲ ಹೇಳಿದೆ. ಓಟ ಮಗಳದು, ಸೈಕಲ್ ನನ್ನದು ಎನ್ನುವವರೆಗೆ ಹೂಂಗುಟ್ಟುತ್ತಿದ್ದಳು.

"ಈಸೂದು ಯಾರು?"

"ನಾನ."

"ನೀನು?" ಎಂದಳು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎದ್ದು ಹೋಗಿ ಒಬ್ಬರಿಗೆ ಅರ್ಧ ಕಿಲೋ ಸಕ್ಕರೆ ಕಟ್ಟಿ ಕೊಟ್ಟು, ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. "ಈಸೂದು ನಂಗ ಕೊಡು."

ನಾನು ಏನು ಹೇಳಿದೆನೋ ನೆನಪಿಲ್ಲ. ಅವಳೇ ಮುಂದುವರಿಸಿದಳು. "ಆದ್ರ ಆ ನಿನ್ನ ಟ್ಯಾಂಕಿನ್ಯಾಗ ಇಳಿಯಾಕಿ ಅಲ್ಲ ನಾ. ಮಾಮಾನ ಬಾಂವ್ಯಾಗ ಇಳೀತೀನಿ. ಎಲ್ಲಿ ಬಂದ್ ಆತೋ ಅಲ್ಲೇ ಚಾಲೂ ಆಗಬೇಕು. ಮಾಮಾ ಹೂಂ ಅಂದ್ರ ಬರ್ತೀನಿ, ಇಲ್ಲಾಂದ್ರ ಇಲ್ಲ. ನೀ ಕೇಳು."

ಮುಂದಿನ ಭಾನುವಾರ ಮೂವರೂ ಮಾವನ ಹೊಲಕ್ಕೆ ಹೋದೆವು. ಮಾವನಿಗೆ ಎಪ್ಪತ್ತಾರು. ಬೆನ್ನು ನೆಟ್ಟಗಿದೆ, ಬಲ ಭುಜ ಮಾತ್ರ ಮೇಲೆ ಏಳುವುದಿಲ್ಲ. ತೊಗರಿಯ ಸಾಲಿನಿಂದ ಹೊರಗೆ ಬಂದು, ನನ್ನ ಮಾತನ್ನು ಪೂರ್ತಿ ಕೇಳಿ, ಅಕ್ಕನ ಕಡೆ ನೋಡದೆ ಹೇಳಿದ:

"ನೀ ಇಳಿ. ನಿನ್ನ ಮಗಳೂ ಇಳೀಲಿ. ಆಕಿ ಬ್ಯಾಡ."

"ಮೂವತ್ತೆಂಟು ವರ್ಷಾತು ಮಾಮಾ."

"ಬಾಂವಿಗೆ ವರ್ಷದ ಲೆಕ್ಕ ಗೊತ್ತಿಲ್ಲ. ಹಗ್ಗಾ ಬಿಟ್ಟ ಕೈ ಅದು. ನಿಮ್ಮವ್ವ ನನ್ನ ನಂಬಿ ಇಲ್ಲಿ ಬಿಟ್ಟು ಹೋಗ್ತಿದ್ಲು. ಅವತ್ತ ಏನರ ಆಗಿದ್ರ ನಾ ಆಕಿಗೆ ಯಾವ ಮಾರಿ ತೋರಸ್ತಿದ್ದೆ?"

ಅಕ್ಕ ಚಹಾದ ಬಟ್ಟಲುಗಳನ್ನು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. ಆಗ ನಾನು ಏನಾದರೂ ಹೇಳಬೇಕಿತ್ತು. ಏನು ಹೇಳಲಿ? ಹಗ್ಗ ಬಿಟ್ಟದ್ದು ಸುಳ್ಳಲ್ಲ. ಅವಳೇ ಅಂದು ಒಪ್ಪಿಕೊಂಡಿದ್ದಳು. ನಾನು ಹೇಳಿದ್ದು ನಿಜವೇ ಆಗಿದ್ದರೆ ಕ್ಷಮೆ ಯಾವುದಕ್ಕೆ ಕೇಳುವುದು? ಬಸ್ಸಿಗೆ ಹತ್ತಿಸುವಾಗ ಅವಳಿಗೆ, "ಇನ್ನೊಮ್ಮೆ ಕೇಳತೀನಿ," ಎಂದೆ. "ಕೇಳ," ಎಂದಳು. "ನಾ ಹೆಂಗೂ ಬರ್ತಿರ್ತೀನಿ. ನಿಂದರ ನೋಡ್ತೀನಿ."

ಹಾಗೆ ದೀಪಾವಳಿ ಆದ ಮೇಲಿನ ಭಾನುವಾರಗಳೆಲ್ಲ ಆ ಬಾವಿಯಲ್ಲಿ ಕಳೆದವು. ಅಕ್ಕ ಸರಕಾರಿ ಲಾಲ್ ಬಸ್ಸಿನಲ್ಲಿ ಬರುತ್ತಿದ್ದಳು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ನೀರಿಗಿಂತ ನಾಲ್ಕು ಮೆಟ್ಟಿಲು ಮೇಲೆ ಕೂತು ನನ್ನ ಈಜನ್ನು ತಿದ್ದುತ್ತಿದ್ದಳು. "ಬಡೀಬ್ಯಾಡೋ, ನೀರೇನ ಪಾಪ ಮಾಡೇದ? ಕೈ ಒಳಗ ಹಾಕು. ಹಂ, ಉಸರ ಬಿಡು. ಬಾಯಿ ನೀರಾಗ ಇದ್ದಾಗ ಬಿಡು, ಮಾತಾಡೂವಾಗ ಅಲ್ಲ." ಮಗಳು ಫೋನಿನಲ್ಲಿ ನೋಡಿ ಹೇಳಿದ್ದನ್ನೇ ಅಕ್ಕ ನೀರು ನೋಡಿ ಹೇಳುತ್ತಿದ್ದಳು. ಅವಳ ಕಾಲುಗಳು ಕೂತಲ್ಲೇ ಸಣ್ಣಗೆ ಆಡುತ್ತಿದ್ದವು. ಒಮ್ಮೆಯೂ ಪಾದವನ್ನು ನೀರಿಗೆ ಮುಟ್ಟಿಸಲಿಲ್ಲ.

ಆ ಬಾವಿಯ ಕಟ್ಟಳೆ ಎರಡು. ನಡುವಿಗೆ ಹಗ್ಗವಿಲ್ಲದೆ ಯಾರೂ ಇಳಿಯಬಾರದು. ಕಲಿಯುವವರಿಗೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು, ಕಲಿತ ಮೇಲೆ ಅದನ್ನು ಬಿಚ್ಚುತ್ತಿದ್ದರು, ಹಗ್ಗ ಮಾತ್ರ ಉಳಿಯುತ್ತಿತ್ತು. ನಲವತ್ತಾರು ವರ್ಷದ ನನ್ನ ನಡುವಿಗೂ ಮಾವ ಹಗ್ಗ ಕಟ್ಟಿ ತಾನೇ ಹಿಡಿದು ನಿಲ್ಲುತ್ತಿದ್ದ. ಎರಡನೆಯದು, ಸುತ್ತು ಹೊಡೆಯುವುದು ಬಲಸುತ್ತಾಗಿಯೇ ಇರಬೇಕು. ಗುಡಿ ಸುತ್ತುವ ಹಾಗೆ, ಬಾವಿಯ ನಡು ನಮ್ಮ ಬಲಗೈಗೆ, ಗೋಡೆ ಎಡಗೈಗೆ. ಮೆಟ್ಟಿಲಿಂದ ಹೊರಟರೆ ಎಡಬದಿಯ ಗೋಡೆ ಹಿಡಿದು ಹೋಗಿ ಬಲಬದಿಯಿಂದ ತಿರುಗಿ ಬರಬೇಕು. ಯಾಕೆ ಎಂದು ಸಣ್ಣವನಿದ್ದಾಗ ಕೇಳಿ ಒಂದು ಏಟು ತಿಂದಿದ್ದೆ. ಈಗ ಕೇಳಿದರೆ ಮಾವ, "ನಮ್ಮಪ್ಪ ಹಂಗ ಹೇಳ್ತಿದ್ದ," ಎಂದ. ನನಗೆ ನಗು ಬಂತು. ಬಾವಿಗೆ ಯಾವ ದೇವರ ಪ್ರದಕ್ಷಿಣೆ?

ಈ ಬಲಸುತ್ತೇ ನನ್ನನ್ನು ಕೆಡಿಸಿದೆ ಎಂದು ಡಿಸೆಂಬರಿನಲ್ಲಿ ಗೊತ್ತಾಯಿತು. ಈಜುಕೊಳದಲ್ಲಿ ಮಗಳು ಮೇಲಿಂದ ವೀಡಿಯೋ ತೆಗೆದಳು. ತಲೆ ನೀರಲ್ಲಿ ಹಾಕಿ ನೇರ ಹೋಗುತ್ತಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ವೀಡಿಯೋದಲ್ಲಿ, ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಬಲಕ್ಕೆ ಬಲಕ್ಕೆ ಬಾಗುತ್ತ ಪಕ್ಕದ ಗೋಡೆಗೆ ಹೋಗಿ ತಲೆ ಕುಟ್ಟಿಕೊಂಡಿದ್ದೆ. ಉಸಿರಿಗೆ ಮುಖ ತಿರುಗಿಸುವುದೂ ಬಲಕ್ಕೇ, ಗೋಡೆ ಇಲ್ಲದ ಕಡೆಗೆ. ಎಂಟನೆಯ ವಯಸ್ಸಿನಲ್ಲಿ ಮೈಗೆ ಹತ್ತಿದ್ದು ಹೋಗಿಯೇ ಇರಲಿಲ್ಲ.

"ಪಪ್ಪಾ, ಗೋವಾದಾಗ ಹಿಂಗ ಬಲಕ್ಕ ಹೋದ್ರ ನೀ ಸಮುದ್ರದಾಗಿಂದನ ವಾಪಸ್ ಮಹಾರಾಷ್ಟ್ರಕ್ಕ ಬರ್ತಿ."

ಕಾಯಿಲೆ ಗೊತ್ತಾದ ಮೇಲೆ ಮದ್ದು ಸರಳ. ಎಷ್ಟು ಬಲಸುತ್ತು ಹೊಡೆದಿದ್ದೇನೋ ಅಷ್ಟು ಎಡಸುತ್ತು ಹೊಡೆದರೆ ಎರಡೂ ಸಮವಾಗಿ ನೇರ ಬರಬೇಕು. ಇದು ನನ್ನ ಸಿದ್ಧಾಂತ. ಮಾವ ಎದುರಿಗಿದ್ದರೆ ಒಪ್ಪುವವನಲ್ಲ. ಅವಕಾಶಕ್ಕೆ ಕಾದೆ.

ಆ ಭಾನುವಾರ ಮಗಳು ಪರೀಕ್ಷೆಯೆಂದು ಬಂದಿರಲಿಲ್ಲ. ನಾನು ನೀರಲ್ಲಿ ಎರಡು ಸುತ್ತು ಮುಗಿಸಿ ಮೆಟ್ಟಿಲು ಹಿಡಿದಿದ್ದೆ. ಆಗ ಮೇಲೆ ಗದ್ದಲ. ಎಮ್ಮೆ ಗೂಟ ಕಿತ್ತುಕೊಂಡು ಹಾಲು ತುಂಬಿದ ಜೋಳಕ್ಕೆ ನುಗ್ಗಿತ್ತು. ಮಾವ ಹಗ್ಗ ಹಿಡಿದುಕೊಂಡು ಒಂದು ಕ್ಷಣ ನಿಂತ. ನನ್ನ ಕಡೆ ನೋಡಿದ, ಹೊಲದ ಕಡೆ ನೋಡಿದ, ಕೊನೆಗೆ ಅಕ್ಕನ ಕಡೆ ನೋಡಿದ. ತುದಿಯನ್ನು ಅವಳ ಕೈಗೆ ಕೊಟ್ಟ.

"ಹಿಡಿ. ಎರಡೂ ಕೈಲೆ ಹಿಡಿ."

"ಮಾಮಾ, ನಂಗ ಐವತ್ತಾಗಾಕ ಬಂತು."

"ಅದಕ್ಕ ಎರಡೂ ಕೈಲೆ ಅನ್ನಾಕತ್ತೀನಿ."

ಅವನು ಹೋದ ಮೇಲೆ ನಾನು ಹೇಳಿದೆ: "ಅಕ್ಕಾ, ಈಗ ಎಡಸುತ್ತು ಹೊಡೀತೀನಿ."

"ಬ್ಯಾಡೋ."

"ಯಾಕ?"

"ಯಾಕೋ ಏನೋ. ಬ್ಯಾಡ ಅಂತಾರ."

"ಕಾರಣ ಹೇಳು, ಬಿಡ್ತೀನಿ."

ಅವಳು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ಮೆಟ್ಟಿಲಿಂದ ಬಲಗಡೆಗೆ ತಿರುಗಿ ಗೋಡೆಯ ಗುಂಟ ಹೊರಟೆ.

ಇಲ್ಲಿ ಬಾವಿಯ ಬಗ್ಗೆ ಒಂದು ಮಾತು ಹೇಳಬೇಕು. ಮೆಟ್ಟಿಲುಗಳ ಬಲಬದಿಗೆ, ಮೇಲೆ ಒಂದು ಚಾಚಿದ ಕಟ್ಟೆಯ ಮೇಲೆ ಮೋಟಾರು ಇದೆ. ಅದರ ಕಬ್ಬಿಣದ ಪೈಪು ಗೋಡೆಯಿಂದ ಎರಡು ಮೊಳ ದೂರದಲ್ಲಿ ನೆಟ್ಟಗೆ ನೀರಿಗೆ ಇಳಿಯುತ್ತದೆ. ಬಲಸುತ್ತು ಹೊಡೆಯುವವನು ಈ ಪೈಪಿನ ಹತ್ತಿರ ಬರುವುದು ಕೊನೆಯಲ್ಲಿ. ಅಷ್ಟರಲ್ಲಿ ಹಿಡಿದವರು ಹಗ್ಗವನ್ನು ಎಳೆದು ಗಿಡ್ಡ ಮಾಡಿಕೊಂಡಿರುತ್ತಾರೆ, ಪೈಪಿನ ಮುಂದಿನಿಂದಲೇ ಮೆಟ್ಟಿಲಿಗೆ ಬರುತ್ತಾನೆ. ಎಡಸುತ್ತಿನವನು ಮೊದಲಿಗೇ ಪೈಪಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹೋಗುತ್ತಾನೆ. ಅವನ ಹಿಂದೆ ಹಗ್ಗವೂ ಹೋಗುತ್ತದೆ. ಅವನು ಮುಂದೆ ಬಾವಿಯ ನಡುವಿಗೆ ತಿರುಗಿದರೆ ಹಗ್ಗ ಪೈಪನ್ನು ಸುತ್ತಿ ಹಾಕುತ್ತದೆ. ಇಷ್ಟು ಸಣ್ಣ ರೇಖಾಗಣಿತ ನನಗೆ ಮೆಟ್ಟಿಲ ಮೇಲೆ ನಿಂತಾಗ ಹೊಳೆಯಲಿಲ್ಲ.

ಆರೇಳು ಕೈ ಹಾಕಿರಬಹುದು, ಸೊಂಟದಲ್ಲಿ ಹಗ್ಗ ಬಿಗಿಯಾಯಿತು. ಒದ್ದೆ ಹಗ್ಗ ಪೈಪಿನ ಮೇಲೆ ಕೆಳಗೆ ಜಾರಿ, ನೀರೊಳಗಿನ ಜೋಡಣೆಯ ಬೋಲ್ಟಿಗೆ ಸಿಕ್ಕಿತ್ತು. ಅದು ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಯಾರೋ ನನ್ನನ್ನು ಹಿಂದಕ್ಕೂ ಕೆಳಕ್ಕೂ ಎಳೆಯುತ್ತಿದ್ದಾರೆ. ಬಾಯಿಗೆ ನೀರು ಬಂತು. "ಎಳಿ! ಅಕ್ಕಾ, ಎಳಿ!" ಎಂದು ಕೂಗಿದೆ. ಅವಳು ಎಳೆದಳು. ನಾನು ಮೆಟ್ಟಿಲ ಕಡೆ ಹೋಗಲಿಲ್ಲ, ಒಳಗೆ ಹೋದೆ. ಮೇಲೆ ಬಂದು ಮತ್ತೆ ಕೂಗಿದೆ. ಅವಳು ಇನ್ನೊಮ್ಮೆ ಎಳೆದಳು, ನಾನು ಇನ್ನೊಮ್ಮೆ ಒಳಗೆ ಹೋದೆ.

ಆಮೇಲೆ ನಡುವಿನ ಬಿಗಿ ಒಮ್ಮೆಲೇ ಹೋಯಿತು.

ಆ ಸಡಿಲು ನನಗೆ ಗೊತ್ತಿತ್ತು. ಬಣ್ಣದ ಬಗ್ಗೆ, ಹೊತ್ತಿನ ಬಗ್ಗೆ ನಾನು ಆಣೆ ಮಾಡಲಾರೆ. ಆದರೆ ಹೊಟ್ಟೆಯ ಮೇಲಿನ ಆ ಸಡಿಲನ್ನು ನನ್ನ ಮೈ ಮೂವತ್ತೆಂಟು ವರ್ಷ ಇಟ್ಟುಕೊಂಡಿತ್ತು. ತಲೆ ನೀರಿನ ಮೇಲೆ ಬಂತು, ಉಸಿರು ಬಂತು. ಅದೇ ಹೊತ್ತಿಗೆ ದೊಡ್ಡ ಸಪ್ಪಳವಾಗಿ ಅಕ್ಕ ಪಂಜಾಬಿ ಡ್ರೆಸ್ಸಿನಲ್ಲೇ ನೀರಿಗೆ ಬಿದ್ದಳು. ನನ್ನ ಹಿಂದೆ ಬಂದು ತೋಳಿನ ಕೆಳಗೆ ಕೈ ಹಾಕಿ ಪೈಪಿನ ಕಡೆ ನೂಕಿದಳು.

"ಪೈಪ ಹಿಡಕೊ. ನನ್ನ ಹಿಡೀಬ್ಯಾಡ, ಪೈಪ ಹಿಡಕೊ!"

ಹಿಡಿದೆ. ಅವಳು ಒಳಗೆ ಮುಳುಗಿದಳು. ನನ್ನ ಕಾಲ ಹತ್ತಿರ ಅವಳ ಕೈ ಹಗ್ಗ ಬಿಡಿಸುತ್ತಿರುವುದು ಗೊತ್ತಾಗುತ್ತಿತ್ತು. ಎಷ್ಟು ಹೊತ್ತು ಒಳಗಿದ್ದಳೋ, ನನಗೆ ಬಹಳ ಅನಿಸಿತು. ಮೇಲೆ ಬಂದು, ಮುಖದ ಮೇಲಿನ ಕೂದಲು ಸರಿಸಿ, "ಬೋಲ್ಟಿಗೆ ಸಿಕ್ಕಿತ್ತು," ಎಂದಳು. ನಾನು ಮೆಟ್ಟಿಲಿಗೆ ಬಂದು ಕೆಮ್ಮುತ್ತ ಕೂತೆ. ಅವಳು ಬರಲಿಲ್ಲ. ಬಾವಿಯ ನಡುವಿಗೆ ಹೋಗಿ ಬೆನ್ನ ಮೇಲೆ ತೇಲಿದಳು. ಆಮೇಲೆ ತಿರುಗಿ, ಸಪ್ಪಳವೇ ಇಲ್ಲದೆ, ಎಡಗೈಗೆ ಗೋಡೆ ಇಟ್ಟುಕೊಂಡು ಒಂದು ಸುತ್ತು ಹೊಡೆದಳು. ಇನ್ನೊಂದು ಹೊಡೆದಳು. ನಾನು ಕರೆಯಲಿಲ್ಲ.

ಮಾವ ಬಂದಾಗ ಮೊದಲು ಕಂಡದ್ದು ನೀರ ಮೇಲೆ ತೇಲುತ್ತಿದ್ದ ಹಗ್ಗದ ತುದಿ.

"ಮತ್ತ ಬಿಟ್ಟೇನ!"

"ಆಕಿ ಬಿಟ್ಟಿದ್ದಕ್ಕ ಉಳದೆ ಮಾಮಾ," ಎಂದೆ. "ನಾ ಎಡಸುತ್ತು ಹೋಗಿದ್ದೆ. ಹಗ್ಗಾ ಪೈಪಿಗೆ ಸಿಕ್ತು. ಎಳದಷ್ಟೂ ನಾ ಒಳಗ ಹೋಗಾಕತ್ತಿದ್ದೆ. ಆಕಿ ಬಿಟ್ಟು ಹಾರಿದ್ಲು."

ಮಾವ ಮೆಟ್ಟಿಲ ಮೇಲೆ ಕೂತ. ಎಡಗೈಯಿಂದ ಬಲಭುಜ ತಿಕ್ಕಿಕೊಂಡ. ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅವಳನ್ನು ಕೇಳಿದ.

"ಏ ಸೊಸಿ. ಅವತ್ತೂ ಹಿಂಗ ಆಗಿತ್ತೇನು?"

ಅಕ್ಕ ಈಜುತ್ತ ಬಂದು ಕೆಳಗಿನ ಮೆಟ್ಟಿಲು ಹಿಡಿದಳು. "ಪೈಪ ಗೀಪ ನಂಗ ಗೊತ್ತಿಲ್ಲ ಮಾಮಾ. ಸಣ್ಣಾಕಿ ಇದ್ದೆ. ಎಳದಷ್ಟೂ ಇಂವ ಒಳಗ ಹೊಂಟಿದ್ದ, ಅಷ್ಟ ಗೊತ್ತು. ಅದಕ್ಕ ಬಿಟ್ಟೆ. ಬಿಟ್ಟು ಹಾರಿದೆ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಯಾಕ ಬಿಟ್ಟಿ ಅಂತ ಯಾರು ಕೇಳಿದ್ರಿ? ಬಿಟ್ಟೇನ, ಹೌದೋ ಅಲ್ಲೋ ಅಂದ್ರಿ. ಹೌದಂದೆ."

ನನಗೆ ತಡೆಯಲಾಗಲಿಲ್ಲ. ಪರೀಕ್ಷಿಸಲು ಏನಾದರೂ ಬೇಕಿತ್ತು. "ಮಾಮಾ, ಅವತ್ತ ನೀ ಬಂದಾಗ ಆಕಿ ಅರಬಿ ಹಸಿ ಇದ್ದೂ ಏನು?"

"ಆಕಿ ಅರಬಿ ಯಾವಾಗ ಒಣಾ ಇದ್ದೂ?" ಎಂದ ಮಾವ. "ಇಡೀ ಬ್ಯಾಸಗಿ ಬಾಂವ್ಯಾಗ ಇರ್ತಿದ್ಲು. ನಾ ಬಂದಾಗ ಇಬ್ರೂ ಮೆಟ್ಟಲ ಮ್ಯಾಲ ಇದ್ರಿ. ನೀ ಅಳಾಕತ್ತಿದ್ದಿ." ತಲೆ ಅಲ್ಲಾಡಿಸಿದ. "ಆದ್ರ ಪೈಪ ಇರಲಿಲ್ಲೋ ತಮ್ಮಾ. ಆವಾಗ ಮೋಟಾರ ಎಲ್ಲಿತ್ತು? ಎತ್ತಿನ ಮ್ಯಾಲ ನೀರ ಎತ್ತತಿದ್ವಿ. ಮೋಟಾರ ಬಂದದ್ದು ನೀ ಹೈಸ್ಕೂಲಿಗೆ ಹೋದ ಮ್ಯಾಲ."

ಅಕ್ಕನ ಮುಖದ ಮೇಲೆ ಏನೋ ಬಂದು ಹೋಯಿತು. ಪೈಪೇ ಇಲ್ಲದಿದ್ದರೆ ಹಗ್ಗ ಎಲ್ಲಿ ಸಿಗುತ್ತದೆ? ನಾನು ಯಾಕೆ ಒಳಗೆ ಹೋಗುತ್ತೇನೆ? ಅವಳು ಹೇಳಿದ್ದೂ, ಇಂದು ನೋಡಿದ್ದರಿಂದ ಅಂದಿಗೆ ಕಟ್ಟಿಕೊಂಡ ಕಥೆ ಆಗಿರಬಹುದಲ್ಲ? ಇಂಥ ಪ್ರಶ್ನೆ ಹುಟ್ಟುವುದು ನನ್ನ ತಲೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಅವಳ ತಲೆಯಲ್ಲೂ ಹುಟ್ಟಿತ್ತು.

"ಇತ್ತೋ ಇಲ್ಲೋ," ಎಂದಳು, ಸಣ್ಣ ದನಿಯಲ್ಲಿ. "ನಂಗ ಹಂಗ ನೆನಪದ."

ಮಾವ ಎದ್ದ. ತೇಲುತ್ತಿದ್ದ ತುದಿಯನ್ನು ಕೋಲಿನಿಂದ ಎಳೆದುಕೊಂಡು, ನನ್ನ ನಡುವಿನ ಗಂಟು ಬಿಚ್ಚಿ, ಹಗ್ಗ ಅವಳ ಕಡೆ ಚಾಚಿದ.

"ಪೈಪಿಂದು ಹಾಳಾಗಿ ಹೋಗಲಿ. ನಡುವಿಗೆ ಕಟ್ಟಕೊ. ನಾ ಹಿಡೀತೀನಿ."

"ಈಗ ಇಳದೀನಲ್ಲ ಮಾಮಾ."

"ಹಗ್ಗಾ ಇಲ್ದ ಯಾರೂ ಇಳಿಯಾಂಗಿಲ್ಲ. ಐವತ್ತಾಗಲಿ, ಅರವತ್ತಾಗಲಿ."

ಅವಳು ಕಟ್ಟಿಕೊಂಡಳು. ಆರು ವಾರ ಮಾವ ಎಡಗೈಯಲ್ಲೇ ಹಗ್ಗ ಹಿಡಿದ. ನಾನು ಈಜು ಬಿಟ್ಟೆ. ಇದು ನಾನು ಅರ್ಧಕ್ಕೆ ಬಿಟ್ಟವುಗಳಲ್ಲಿ ಎಲ್ಲರಿಗೂ ಒಳ್ಳೆಯದಾದ ಒಂದೇ ಕೆಲಸ.

ಗೋವಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿಯ ನೆನಪೂ ಈಗಾಗಲೇ ಬೇರೆಯವರ ಫೋಟೋಗಳ ಜೊತೆ ಕಲಸಿಹೋಗಿದೆ. ತೋಳು ಕಾಲು ಮುಚ್ಚುವ ಕರಿಯ ಈಜುಡುಗೆ ತೊಟ್ಟು, ಅಕ್ಕ ಮರಳಲ್ಲಿ ನಿಂತಿದ್ದಳು. ಸುತ್ತಲೂ ಅವಳ ಅರ್ಧ ವಯಸ್ಸಿನವರು. ತೆರೆ ನೋಡಿ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಂಟ ಮುಟ್ಟಿ ನೋಡಿಕೊಂಡಳು. "ಹಗ್ಗಾ ಇಲ್ಲದ್ದು ಒಂಥರಾ ಆಗಾಕತ್ತದ," ಎಂದು ನೀರಿಗೆ ನಡೆದಳು. ನಾನು ಸೈಕಲ್ ಹಿಡಿದು ಕಾಯುತ್ತ ನಿಂತೆ. ಹಳದಿ ಟೋಪಿಗಳ ನಡುವೆ ಒಂದು ಟೋಪಿ ಮಾತ್ರ ಬಲಕ್ಕೆ ಬಲಕ್ಕೆ ಸರಿಯುತ್ತಿತ್ತು. ಕಾವಲಿನ ಸಣ್ಣ ದೋಣಿಯವನು ಎರಡು ಸಲ ಹೋಗಿ ಅದನ್ನು ದಾರಿಗೆ ತಂದ. ಮಗಳು ನನ್ನ ತೋಳು ಹಿಡಿದು ನಗುತ್ತಿದ್ದಳೋ ಅಳುತ್ತಿದ್ದಳೋ, ಇಬ್ಬರೂ ಈಗ ಬೇರೆ ಬೇರೆ ಹೇಳುತ್ತೇವೆ.

ಅಕ್ಕ ಕೊನೆಯವಳಾಗಿ ಬರಲಿಲ್ಲ. ಕೊನೆಯಿಂದ ನಾಲ್ಕನೆಯವಳು ಎಂದು ನಾನು, ಏಳನೆಯವಳು ಎಂದು ಮಗಳು. ಮರಳ ಮೇಲೆ ಬಂದು, ಏದುಸಿರಿನಲ್ಲೇ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಹೋಗ, ತುಳಿ! ನಾ ಮಹಾರಾಷ್ಟ್ರ ಮುಟ್ಟಿ ಬಂದೀನಿ."

ರಾತ್ರಿಯ ಬಸ್ಸಿನಲ್ಲಿ ಅವಳು ಹೇಳಿದ್ದು ಸಮುದ್ರದ ಬಗ್ಗೆ ಒಂದೇ ಮಾತು. "ಉಪ್ಪ ಜಾಸ್ತಿ ಆಗೇದ." ಆಮೇಲೆ ಕಿಟಕಿಯ ಕಡೆ ತಿರುಗಿ ಕೇಳಿದಳು: "ಪೈಪ ಖರೇನ ಇರಲಿಲ್ಲೇನೋ ಅವತ್ತ?"

ನನಗೆ ಅದನ್ನು ಹಾಗೇ ಬಿಡಲಾಗಲಿಲ್ಲ. ಅವಳಿಗೆ ನೀರು ಸಿಕ್ಕಿತ್ತು, ಮಾವನ ಹೂಂ ಸಿಕ್ಕಿತ್ತು. ಆದರೆ ಮಾವ ಕೊಟ್ಟದ್ದು ಮಾಫಿ, 'ನಿನ್ನ ತಪ್ಪಿರಲಿಲ್ಲ' ಎಂಬ ಮಾತಲ್ಲ. ಎರಡೂ ಒಂದೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ಒಬ್ಬನೇ ಸೈಕಲ್ ಮೇಲೆ ಮಾವನ ಹೊಲಕ್ಕೆ ಹೋದೆ. ಮೋಟಾರಿನ ಕಟ್ಟೆಯ ಮೇಲೆ ವರ್ಷಾನುವರ್ಷದ ಎಣ್ಣೆ, ಧೂಳು, ಪಾಚಿ ಒಂದು ಅಂಗುಲ ಕೂತಿತ್ತು. ನಮ್ಮ ಕಡೆ ಗೌಂಡಿಗಳು ಸಿಮೆಂಟು ಹಸಿ ಇರುವಾಗಲೇ ಮೊಳೆಯಿಂದ ಇಸವಿ ಕೊರೆಯುತ್ತಾರೆ. ಇಲ್ಲಿಯೂ ಕೊರೆದಿರಬಹುದು ಎಂಬುದು ಊಹೆ ಮಾತ್ರ. ತಂತಿಯ ಬ್ರಶ್ಶಿನಿಂದ ತಿಕ್ಕಿದೆ. ಮಾವ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಮೊದಲು ಒಂದು ಸೊನ್ನೆಯಂಥದು ಕಂಡಿತು. ಅದು ಗುಳ್ಳೆ. ಅದರ ಪಕ್ಕಕ್ಕೆ, ಮರಾಠಿ ಅಂಕಿಗಳಲ್ಲಿ, ಸ್ವಲ್ಪ ಓರೆಯಾಗಿ, ನಾಲ್ಕು ಅಂಕಿ.

ಮಾವ ಬೆರಳು ಇಟ್ಟು ಒಂದೊಂದೇ ಅಂಕಿಯನ್ನು ಸವರಿದ. "ನಂಗ ಹಂಗ ನೆನಪಿರಲಿಲ್ಲ," ಎಂದ. ಬೆರಳು ಒರೆಸಿಕೊಂಡು, "ಆಕಿಗೆ ಫೋನ್ ಹಚ್ಚು. ನಾ ಮಾತಾಡ್ತೀನಿ," ಎಂದ.

ಫೋನಿನಲ್ಲಿ ಅವನು ಅವಳಿಗೆ ಏನು ಹೇಳಿದ ಎಂದು ನಾನು ಬರೆಯುವುದಿಲ್ಲ. ನಾನು ದೂರ ಹೋಗಿ ನಿಂತಿದ್ದೆ, ನನಗೆ ಸರಿಯಾಗಿ ಕೇಳಿಸಲಿಲ್ಲ. ಅಂದು ನಾನು ಎಡಸುತ್ತು ಹೋಗಿದ್ದೆನೇ, ಹಗ್ಗ ಬೋಲ್ಟಿಗೇ ಸಿಕ್ಕಿತ್ತೇ, ಇವು ನನಗೆ ಇನ್ನು ಎಂದೂ ಗೊತ್ತಾಗುವುದಿಲ್ಲ. ಮನೆಗೆ ಬಂದು ಹಳೆಯ ಟ್ರಂಕಿನಿಂದ ಮೂರನೆಯ ಇಯತ್ತೆಯ ಗುಣಪತ್ರಿಕೆ ತೆಗೆದೆ, ಅದರ ಮೇಲಿನ ಇಸವಿಯನ್ನೂ ಕಟ್ಟೆಯ ಇಸವಿಯನ್ನೂ ಒಂದು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ಕಳೆದೆ. ಕಟ್ಟೆಯದು ಎರಡು ವರ್ಷ ಹಿಂದಿನದು. ಆ ಬೇಸಗೆ ಬಾವಿಯಲ್ಲಿ ಪೈಪು ಇತ್ತು.